ವಯಸ್ಸು ಮಾತ್ರ ಪ್ರೈವೇಟ್

ಪರದೆಯ ಮೇಲೆ ಮೊದಲ ಹೆಸರು ಮೂಡಿದ್ದೇ ತಡ, ಕಲ್ಯಾಣಮ್ಮನವರ ಕೈಯಲ್ಲಿದ್ದ ಕೋಸಂಬರಿ ದೊನ್ನೆ ಸಮೇತ ನೆಲ ಸೇರಿತು. ಚಾಮರಾಜಪೇಟೆಯ ಆ ಮಹಿಳಾ ಮಂಡಳಿಯ ವಾರ್ಷಿಕೋತ್ಸವದಲ್ಲಿ ಎಲ್ಲರಿಗಿಂತ ಹಿರಿಯ ಸದಸ್ಯೆಗೆ ಮೊದಲ ತಾಂಬೂಲ, ಜೊತೆಗೊಂದು ರೇಷ್ಮೆ ಸೀರೆ. ಪರದೆಯ ಮೇಲಿದ್ದುದು ಅವರದೇ ಹೆಸರು! "ಈಗಷ್ಟೇ ಅರವತ್ತು" ಎನ್ನುತ್ತಲೇ ಹನ್ನೊಂದು ವರ್ಷ ದೂಡಿದ್ದ ಕಲ್ಯಾಣಮ್ಮನವರದು!

ಹಿರಿತನದ ಕ್ರಮದಲ್ಲಿ ಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆದವಳು ಅವರ ಮೊಮ್ಮಗಳು, ಇಂಜಿನಿಯರಿಂಗ್ ಓದುವ ಧೃತಿ. ಎಲ್ಲರ ಆಧಾರ್ ಕಾರ್ಡ್ ನೋಡಿ ಹುಟ್ಟಿದ ವರ್ಷ ತುಂಬಿಸಿದ್ದಳು. ಕಲ್ಯಾಣಮ್ಮ ಅವಳನ್ನು ಕಂಬದ ಹಿಂದಕ್ಕೆ ಎಳೆದರು.

"ವಯಸ್ಸು ಪ್ರೈವೇಟ್ ಅಂತ ಬರೆದಿದೀನಿ, ಯಾರಿಗೂ ಕಾಣಲ್ಲ ಅಂದ್ಯಲ್ಲೇ ಕತ್ತೆ! ನನ್ನ ಮಾನ ಹರಾಜು ಹಾಕ್ಬಿಟ್ಯಲ್ಲೇ!"

"ಪರದೆ ನೋಡಜ್ಜಿ, ಒಬ್ಬರದ್ದಾದ್ರೂ ವಯಸ್ಸು ಕಾಣತ್ತಾ?"

"ಮತ್ತೆ ನಾನೇ ಹಿರಿಯಳು ಅಂತ ಅದಕ್ಕೆ ಹೆಂಗೆ ಗೊತ್ತಾಯ್ತು?"

ಧೃತಿ ನಾಲಿಗೆ ಕಚ್ಚಿಕೊಂಡಳು. "ಅದೂ... ಪ್ರೋಗ್ರಾಮಲ್ಲಿ ಮೆಂಬರ್ ಅಂತ ಒಂದು ಕ್ಲಾಸು, ಅಂದ್ರೆ ಒಂದು ಅಚ್ಚು ಮಾಡಿದೀನಿ, ನೀವೆಲ್ಲಾ ಆ ಅಚ್ಚಿಂದ ಬಂದ ಆಬ್ಜೆಕ್ಟುಗಳು. ಹೊರಗಿನ ಕೋಡು ಒಳಗೆ ಇಣುಕೋ ಹಾಗಿಲ್ಲ. ಆದ್ರೆ ಒಂದೇ ಕ್ಲಾಸಿನವರು ಒಬ್ಬರ ಪ್ರೈವೇಟ್ ಇನ್ನೊಬ್ಬರು ನೋಡ್ಬಹುದು. ನೋಡ್ಕೊಂಡು, ದೊಡ್ಡೋರು ಯಾರು, ಚಿಕ್ಕೋರು ಯಾರು ಅಂತ ನೀವೇ ಸಾಲಾಗಿ ನಿಂತ್ಬಿಟ್ರಿ. ನಾನಂತೂ ಯಾರಿಗೂ ಹೇಳಿಲ್ಲಪ್ಪ!"

"ನಿನ್ನ ಕ್ಲಾಸಿಗೆ ಬೆಂಕಿ ಹಾಕ!"

ಅಷ್ಟರಲ್ಲಿ ತಾಂಬೂಲದ ತಟ್ಟೆ ಹಿಡಿದು ಲಕ್ಷ್ಮೀದೇವಮ್ಮ ಬಂದೇಬಿಟ್ಟರು. ಇಷ್ಟು ವರ್ಷ ಮೊದಲ ತಾಂಬೂಲ ಅವರಿಗೇ ಹೋಗುತ್ತಿತ್ತು. ಕಲ್ಯಾಣಮ್ಮ ಅವರನ್ನು ಬಾಯಿ ತುಂಬಾ ಅಕ್ಕಾ ಎಂದೇ ಕರೆಯುತ್ತಿದ್ದರು. ಆ ಅಕ್ಕ ಈಗ ಸೊಂಟ ಹಿಡಿದುಕೊಂಡು ಬಗ್ಗಿ ಕಲ್ಯಾಣಮ್ಮನವರ ಕಾಲು ಮುಟ್ಟಿದರು. "ಆಶೀರ್ವಾದ ಮಾಡಿ ಅಕ್ಕಾ!"

ಸಭೆಯೆಲ್ಲ ಗೊಳ್ಳೆಂದಿತು. ಕಲ್ಯಾಣಮ್ಮನವರಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೆ ನಗುವನ್ನೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ತಪ್ಪಾಯ್ತು ಕಣ್ರೀ, ಇಷ್ಟು ವರ್ಷ ನಿಮಗೆ ಸುಳ್ಳು ಹೇಳ್ಬಿಟ್ಟೆ."

"ಅಯ್ಯೋ, ನನಗೆ ಗೊತ್ತಿರಲಿಲ್ವೇ? ನಿಮ್ಮ ಮದುವೇಲಿ ಲಂಗ ಹಾಕ್ಕೊಂಡು ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸಿದ್ದು ನಾನೇ ಕಣ್ರೀ."

"ಮತ್ತೆ ಯಾಕೆ ಸುಮ್ನಿದ್ರಿ?"

ಲಕ್ಷ್ಮೀದೇವಮ್ಮ ಒಲ್ಲದ ಮನಸ್ಸಿನಿಂದ ತಟ್ಟೆ ದಾಟಿಸಿದರು. "ಬಾಯಿ ಬಿಟ್ಟಿದ್ರೆ ನನಗೆ ಹನ್ನೊಂದು ರೇಷ್ಮೆ ಸೀರೆ ಯಾರು ಕೊಡ್ತಿದ್ರು?"