ಯಾರ ಹದ್ದು

ಕೂದಲು ಬಿಚ್ಚಿ ಬೇವಿನ ಸೊಪ್ಪು ಕೈಗೆತ್ತಿಕೊಳ್ಳುವ ಮೊದಲು, ಮೈಮೇಲೆ ಅಮ್ಮ ಬರುವ ಚಿಕ್ಕಗಂಗಮ್ಮ, ಎದುರಿಗೆ ಕೂತ ಅಕ್ಕಯಮ್ಮನನ್ನು ನೋಡಿ ನಕ್ಕಳು. "ಏನಕ್ಕಾ, ಕೋರ್ಟೆಲ್ಲಾ ಸುತ್ತಾಯ್ತಾ? ಕಡೇಗೆ ನಮ್ಮಮ್ಮನ್ ಕೋರ್ಟಿಗೇ ಬಂದ್ಯಾ?"

"ಸುತ್ತೋಕೆ ಒಳಗೆ ಬಿಟ್ರೆ ತಾನೆ? ಬಾಗ್ಲಲ್ಲೇ ನಿಲ್ಸಿ ಕಳಿಸ್ತಾರೆ ಕಣೇ."

ಗಡಿಯಾಚೆ ಆಂಧ್ರದ ಊರಿಗೆ ಕೊಟ್ಟಿದ್ದ ಅಕ್ಕಯಮ್ಮನ ಹಿರಿಮಗಳು ಸುನಂದ, ಮಾವು ಹೂ ಬಿಟ್ಟಾಗ ಕಾಣೆಯಾದಳು. ಈಗ ಕಾಯಿ ಕೀಳುತ್ತಿದ್ದಾರೆ. ಗಡಿಯ ಈ ಕಡೆಯ ನಂಗಲಿಗೆ ಬರುವ ಬಸ್ಸು ಹತ್ತಿದಳು ಎನ್ನುತ್ತಾನೆ ಗಂಡ. ಹಾಗಾದರೆ ಕರ್ನಾಟಕದಲ್ಲಿ ಕೇಳಿ ಎಂದರು ಆ ಕಡೆಯ ಪೊಲೀಸರು. ಬಸ್ಸಿಳಿದದ್ದನ್ನು ಕಂಡವರಿಲ್ಲ, ಅಲ್ಲೇ ಕೇಳಿ ಎಂದರು ಈ ಕಡೆಯವರು. ಇಲ್ಲಿಯದಕ್ಕೆ ಬೆಂಗಳೂರಿನ ಹೈಕೋರ್ಟು, ಅಲ್ಲಿಯದಕ್ಕೆ ಅಮರಾವತಿಯದು, ಎರಡರ ಮೇಲೂ ದೆಹಲಿ ಎಂದು ವಕೀಲರು ಬೆರಳು ಮಡಿಸಿ ಹೇಳಿದ್ದರು. "ಮೊದ್ಲು ಈ ಕೇಸು ಯಾರ ಹದ್ದಿಗೆ, ಯಾರ ಸರಹದ್ದಿಗೆ ಸೇರುತ್ತೆ ಅಂತ ತೀರ್ಮಾನ ಆಗ್ಬೇಕಮ್ಮ."

ಗುಡಿಯ ಹಿಂದೆ ಲಾರಿಗಳು ಹಾಯುತ್ತಿದ್ದವು. ಚಿಕ್ಕಗಂಗಮ್ಮನ ಮೈ ನಡುಗತೊಡಗಿತು. ಬಾಯಿಂದ ಬಂದ ದನಿ ಅವಳದಾಗಿರಲಿಲ್ಲ.

"ಆ ಕಡೆ ಈ ಕಡೆ ಅಂತ ನಂಗಿಲ್ಲ. ಉಸಿರಾಡೋರೆಲ್ಲಾ ನನ್ನ ಹದ್ದು. ಕೇಳು."

"ನನ್ನ ಸುನಂದ ಎಲ್ಲವ್ಳೆ ತಾಯಿ? ಅಷ್ಟು ಹೇಳು ಸಾಕು."

ನಡುಕ ತಟ್ಟನೆ ನಿಂತಿತು. ಅರಿಶಿನ ಮೆತ್ತಿದ ಮುಖದಲ್ಲಿ ರೆಪ್ಪೆಯೂ ಆಡಲಿಲ್ಲ. ತಾಯಿಯ ಬೆನ್ನಿಗೆ ಒತ್ತಿ ಕೂತಿದ್ದ ಕಿರಿಮಗಳು ಶ್ರೀವಾಣಿ ಇಂಥದ್ದನ್ನು ಕಂಡಿರಲಿಲ್ಲ. ಮೈಮೇಲೆ ಬಂದ ಅಮ್ಮ ಇಳಿದುಹೋಗುವ ತನಕ ಆ ಮೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ.

"ನಾ ಹದ್ದು ಕಾದಮ್ಮಾ," ಎಂದಿತು ದನಿ, ತೆಲುಗಿನಲ್ಲಿ, ಬಹಳ ಮೆತ್ತಗೆ. "ಅವಳು ನನ್ನ ಹದ್ದಲ್ಲಿಲ್ಲ."

ಶ್ರೀವಾಣಿ ತಾಯಿಯ ಸೆರಗು ಜಗ್ಗಿದಳು. "ಬಾಮ್ಮ, ಮನೇಗೆ ಹೋಗಾಣ."

"ಸುಮ್ನಿರೇ." ಅಕ್ಕಯಮ್ಮ ಸೆರಗು ಬಿಡಿಸಿಕೊಂಡಳು. ಈ ಮಾತು ಠಾಣೆಗಳಲ್ಲಿ ಕೇಳಿ ಕೇಳಿ ಅವಳಿಗೆ ರೂಢಿಯಾಗಿತ್ತು. ಇದರ ಮುಂದೆ ಏನು ಕೇಳಬೇಕೆಂಬುದೂ ಬಾಯಿಪಾಠವಾಗಿತ್ತು. ಕೈ ಮುಗಿದು ಮುಂದಕ್ಕೆ ಸರಿದಳು. "ನಿಂದಲ್ದಿದ್ರೆ ಯಾರ ಹದ್ದು ಅಂತ ತೋರ್ಸಿಬಿಡು ತಾಯಿ. ಎಷ್ಟು ದೂರ ಆದ್ರೂ ಹೋಗ್ತೀನಿ."

ಬೇವಿನ ಸೊಪ್ಪು ಆಂಧ್ರದ ಕಡೆಗೆ ತಿರುಗಲಿಲ್ಲ. ಗಡಿಯ ಈಚೆಯ ಮುಳಬಾಗಿಲಿನ ಕಡೆಗೂ ತಿರುಗಲಿಲ್ಲ. ಮೆಲ್ಲಗೆ ಬಾಗಿ ನೆಲವನ್ನು ಮುಟ್ಟಿತು.