ನಕ್ಷೆಯಲ್ಲಿ ಉಳಿದ ಮನೆ

ಕಾಲೇಜಿನ ಅರ್ಜಿ ತೆರೆದಿದ್ದ ಮೊಬೈಲಿನ ಮೇಲೆ ಮೋಕ್ಷಿತಾಳ ಹೆಬ್ಬೆರಳು ನಿಂತೇ ಇತ್ತು. ಒಂದು ಕಡೆ ಬಿ.ಕಾಂ., ಇನ್ನೊಂದು ಕಡೆ ಭೂಗೋಳ ಮತ್ತು ನಕ್ಷಾಶಾಸ್ತ್ರ. ಹೆಮ್ಮಾಡಿಯಲ್ಲಿ ಮೀನು ಮಾರಿ ಬಂದ ಅಮ್ಮ ಜಲಜ, ಖಾಲಿ ಬುಟ್ಟಿ ಇಳಿಸಿ ಬಾಡಿಗೆ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು.

"ನಕ್ಷೆ ಬರೂದ್ ಕಲ್ತ್ರೆ ಎಂತ ಸಿಕ್ಕತ್ತ್ ಮಗಾ?" ಎಂದಳು, ಕಣ್ಣು ಮುಚ್ಚಿಕೊಂಡೇ.

ಮೋಕ್ಷಿತಾ ಮ್ಯಾಪ್ ತೆರೆದು ಕಿರಿಮಂಜೇಶ್ವರದ ಕಡಲತೀರದ ಉಪಗ್ರಹ ಚಿತ್ರವನ್ನು ದೊಡ್ಡದು ಮಾಡಿದಳು. "ಕಾಣ್ ಅಮ್ಮ, ಕಡಲ್ ತಕಂಡ್ ಹೋದ್ ನಮ್ಮ್ ಮನಿ ಇದ್ರಗೆ ಇನ್ನೂ ಇತ್ತ್. ಇಂಥ ತಪ್ಪೆಲ್ಲ ಸರಿ ಮಾಡುಕೆ ಆತ್ತ್."

ಜಲಜ ಕಣ್ಣು ಬಿಟ್ಟಳು. ಮೀನಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಆದರೂ ಪರದೆ ಮುಟ್ಟಲಿಲ್ಲ. ಹಂಚಿನ ಮಾಡು, ಅದರ ಪಕ್ಕ ಗಂಡ ಬಲೆ ಒಣಗಿಸುತ್ತಿದ್ದ ಜಾಗ, ಎರಡೂ ಹಾಗೇ ಇದ್ದವು.

"ಸರಿ ಮಾಡುದಂದ್ರೆ, ಇದನ್ನ್ ಅಳ್ಸುದಾ?"

ಮೋಕ್ಷಿತಾ ಮ್ಯಾಪ್ ಮುಚ್ಚಿ, "ಬಿ.ಕಾಂ.ಗೇ ಹಾಕ್ತೆ, ಬಿಡ್" ಎಂದಳು.

ಜಲಜ ಮಗಳ ಮಣಿಕಟ್ಟು ಹಿಡಿದಳು.

"ಬ್ಯಾಡ, ನಕ್ಷೆದೇ ಒತ್ತ್. ಅಳ್ಸುದಾರೆ ನೀನೇ ಅಳ್ಸ್. ಗುರ್ತಿಲ್ದವ್ರ್ ಅಳ್ಸುದ್ ಬ್ಯಾಡ."