ಹಗುರ ಚಾಲಕಿ

ತೂಕದ ಯಂತ್ರದ ಮುಳ್ಳು ಮೂವತ್ತೊಂಬತ್ತಕ್ಕೆ ಬಂದು ನಿಂತಿತು. ಸೌರ ಕಾರಿನ ತಂಡದ ಎಂಟೂ ಜನ ಚಪ್ಪಾಳೆ ತಟ್ಟಿದರು. ಮೂರು ತಿಂಗಳ ಹಿಂದೆ ಕಾರಿನ ಸೀಟು ಹೊಲಿಯಲು ಬಂದಾಗ ಅವಳು ನಲವತ್ತಾರು ಕೆ.ಜಿ. ಇದ್ದಳು. ಷೆಡ್ಡಿನಲ್ಲಿದ್ದವರಲ್ಲೆಲ್ಲ ಇವಳೇ ಹಗುರ ಎಂದು ಕಂಡುಹಿಡಿದವರು ತಂಡ ಕಟ್ಟಿದ ಪ್ರೊಫೆಸರು. ಬಿಸಿಲು ಕುಡಿದು ಓಡುವ ಕಾರಿಗೆ ಒಂದೊಂದು ಗ್ರಾಮೂ ಭಾರವಂತೆ. ರೇಸಿನಲ್ಲಿ ನೀನೇ ಓಡಿಸು ಎಂದರು, ಇನ್ನಷ್ಟು ಇಳಿದರೆ ಇನ್ನೂ ಒಳ್ಳೆಯದು ಎಂದರು, ಗುಬ್ಬಿ ಎಂದು ಹೆಸರಿಟ್ಟರು.

ಹೊಲಿಗೆ ಯಂತ್ರದ ಪೆಡಲು ಬಿಟ್ಟು ಬೇರೇನನ್ನೂ ತುಳಿದು ಗೊತ್ತಿಲ್ಲದ ಗುಬ್ಬಿ ಕಾರು ಕಲಿತಳು, ಲೈಸೆನ್ಸು ಮಾಡಿಸಿಕೊಂಡಳು, ರಾತ್ರಿಯ ಊಟ ಬಿಟ್ಟಳು, ಕೊನೆಯ ತಿಂಗಳು ಬೆಳಗಿನದನ್ನೂ ಬಿಟ್ಟಳು. "ಕಾರು ಓಡಿಸ್ತೀಯೋ, ಅದರ ಕಿಟಕೀಲಿ ಹಾರಿಹೋಗ್ತೀಯೋ?" ಎಂದು ಅಕ್ಕ ಹಂಗಿಸಿದಳು. ಆ ಸ್ಟಿಯರಿಂಗು ಕೈಗೆ ಬಂದ ಮೇಲೆ ಗುಬ್ಬಿಗೆ ಬೇರೆ ಯಾವ ಮಾತೂ ಕಿವಿಗೆ ಬೀಳುತ್ತಿರಲಿಲ್ಲ.

"ಇಳಿಯಮ್ಮ," ಎಂದಳು ರೇಸಿನ ತಪಾಸಣೆಯ ಹೆಂಗಸು. ಕನ್ನಡಕ ಹಣೆಗೇರಿಸಿ ಮನಸ್ಸಿನಲ್ಲೇ ಕಳೆದಳು. "ಮೂವತ್ತೊಂಬತ್ತು. ಇನ್ನು ನಲವತ್ತೊಂದು ಕೆ.ಜಿ. ಮರಳು."

"ಯಾವ ಮರಳು?" ಎಂದರು ಪ್ರೊಫೆಸರು.

"ಚಾಲಕರು ಎಂಬತ್ತು ಕೆ.ಜಿ. ಇರಬೇಕು ಸಾರ್. ಕಡಿಮೆ ಬಿದ್ದಷ್ಟಕ್ಕೆ ಕಾರಿನೊಳಗೆ ಮರಳಿನ ಚೀಲ. ಎಲ್ಲಿಂದಲೋ ಸಣ್ಣ ಜೀವಗಳನ್ನ ಹುಡುಕಿ ತಂದು ಉಪವಾಸ ಕೆಡವ್ತಾರೆ ಅಂತಲೇ ಈ ನಿಯಮ ಮಾಡಿರೋದು."

ಚಪ್ಪಾಳೆ ತಟ್ಟಿದ ಕೈಗಳನ್ನು ಎಲ್ಲಿಡಬೇಕೆಂದು ತಂಡದವರಿಗೆ ತಿಳಿಯಲಿಲ್ಲ. ಹಲವರು ಕೂಡಿ ಒಂದು ವಸ್ತುವನ್ನು ಹೇಗೆ ರೂಪಿಸುತ್ತಾರೆ ಎನ್ನುವುದೇ ಪ್ರೊಫೆಸರ ಸಂಶೋಧನೆ. ಈ ತಂಡದ ಒಗ್ಗಟ್ಟಿನ ಮೇಲೆ ಆಗಲೇ ಎರಡು ಪ್ರಬಂಧ ಬರೆದು ಮುಗಿಸಿದ್ದರು. ರೇಸಿನ ನಿಯಮಪುಸ್ತಕವನ್ನೂ ಅದೇ ಪದ್ಧತಿಯಲ್ಲಿ ಬಿಡಿಸಿ, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ ಹಂಚಿದ್ದರು.

"ಚಾಲಕರ ಅಧ್ಯಾಯ ಯಾರ ಪಾಲಿಗೆ ಬಂದಿತ್ತು?"

ಎಂಟು ಜನ ಎಂಟು ಕಡೆ ನೋಡಿದರು. ಕೊನೆಗೆ ತಂಡದ ಕ್ಯಾಪ್ಟನ್ ಕೆಮ್ಮಿದ. "ಅದನ್ನ ಚಾಲಕರೇ ಓದ್ಕೋತಾರೆ ಅಂತ ಪಕ್ಕಕ್ಕಿಟ್ಟಿದ್ವಿ ಸಾರ್."

"ನನಗೆ ಕೊಡಲಿಲ್ಲ," ಎಂದಳು ಗುಬ್ಬಿ. ಮೂರು ತಿಂಗಳಲ್ಲಿ ಇಷ್ಟು ಜನರ ಎದುರು ಅವಳು ಬಾಯಿಬಿಟ್ಟದ್ದು ಅದೇ ಮೊದಲು.

"ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಸುಮ್ನೆ ಗೊಂದಲ ಆಗುತ್ತೆ ಅಂತ..." ಎಂದು ಕ್ಯಾಪ್ಟನ್ ರಾಗ ಎಳೆದ.

"ಈಗ ಓದಿದೋರಿಗೆ ಆಗಿದೆಯಲ್ಲ," ಎಂದಳು ತಪಾಸಣೆಯವಳು, ಚೀಲಕ್ಕೆ ಮರಳು ತುಂಬುತ್ತ.

ಪ್ರೊಫೆಸರು ಸುಧಾರಿಸಿಕೊಂಡರು. ಇದೂ ಒಂದು ಫಲಿತಾಂಶವೇ, ಮೂರನೇ ಪ್ರಬಂಧಕ್ಕೆ ಆಯಿತು ಎಂದರು. ಅಷ್ಟರಲ್ಲಿ ಕ್ಯಾಪ್ಟನ್ನಿಗೆ ಬುದ್ಧಿ ಓಡಿತ್ತು. "ಹಾಗಿದ್ರೆ ತೂಕದ ಪ್ರಶ್ನೇನೇ ಬರಲ್ಲವಲ್ಲ ಸಾರ್. ನಾನು ಎಂಬತ್ತೊಂದಿದ್ದೀನಿ. ಬದಲಿ ಚಾಲಕರ ಪಟ್ಟೀಲಿ ನನ್ನ ಹೆಸರೂ ಇದೆ. ಎಂಜಿನಿಯರೇ ಓಡಿಸಿದ್ರೆ ಫೋಟೋದಲ್ಲೂ ಚೆನ್ನಾಗಿರುತ್ತೆ."

"ತರ್ಕಬದ್ಧವಾಗಿದೆ," ಎಂದು ಪ್ರೊಫೆಸರು ಗುಬ್ಬಿಯತ್ತ ತಿರುಗಿ ದನಿ ಮೆತ್ತಗೆ ಮಾಡಿಕೊಂಡರು. "ನಿನ್ನ ಸಹಕಾರ ಮರೆಯಲ್ಲಮ್ಮ. ಪ್ರಬಂಧದ ಕೊನೇಲಿ ಕೃತಜ್ಞತೆ ಹೇಳ್ತೀವಿ. ನಿಜವಾದ ಹೆಸರು ಏನು ನಿಂದು?"

ಗುಬ್ಬಿಯ ಕಣ್ಣು ಕಾರಿನ ಮೇಲಿತ್ತು. ಅವಳು ಒಂದೊಂದು ಕೆ.ಜಿ. ಇಳಿದಾಗಲೂ ಇವರು ಚಾಲಕರು ಕೂರುವ ಗುಂಡಿಯನ್ನು ಒಂದೊಂದು ಬೆರಳು ಕಿರಿದು ಮಾಡುತ್ತ ಬಂದಿದ್ದರು. ಸೀಟು ಏಳು ಸಲ ಬಿಚ್ಚಿ ಹೊಲಿದವಳು ಅವಳೇ. ಅದು ಕ್ಯಾಪ್ಟನ್ನಿಗೆ ನೆನಪಿದ್ದಂತಿರಲಿಲ್ಲ. ಕಾರು ಹತ್ತಲು ಹೋದ ಅವನ ಕಾಲು ಒಳಗೆ ಹೋಯಿತು, ಮೊಣಕಾಲೂ ಹೋಯಿತು. ಸೊಂಟ ನಿಂತಿತು.

"ಉಸಿರು ಬಿಡೋ," ಎಂದ ಒಬ್ಬ.

"ಬಿಟ್ಟಾಯ್ತು."

"ಇನ್ನೂ ಬಿಡು."

"ಇನ್ನು ಪ್ರಾಣಾನೇ ಬಿಡಬೇಕು," ಎಂದ ಕ್ಯಾಪ್ಟನ್. ಮೇಲಕ್ಕೂ ಬಾರದೆ ಕೆಳಕ್ಕೂ ಇಳಿಯದೆ ಅವನ ಮುಖ ಕೆಂಪಾಗುತ್ತಿತ್ತು. ಕಂಕುಳಿಗೆ ಕೈಹಾಕಿ ನಾಲ್ಕು ಜನ ಎಳೆದರು. ಕ್ಯಾಪ್ಟನ್ ಹೊರಗೆ ಬಂದ, ಪ್ಯಾಂಟಿನ ಒಂದು ಜೇಬು ಒಳಗೇ ಉಳಿಯಿತು. ಬಹುಶಃ ತಂಡ ನಿಜವಾಗಿ ಕೂಡಿ ಮಾಡಿದ ಕೆಲಸ ಅದೊಂದೇ.

ರೇಸಿಗೆ ಇನ್ನು ಇಪ್ಪತ್ತೈದು ನಿಮಿಷ ಉಳಿದಿತ್ತು.

"ಬಾಮ್ಮ ಗುಬ್ಬಿ, ಬೇಗ ಹತ್ತು," ಎಂದರು ಪ್ರೊಫೆಸರು, ನಡುವೆ ಏನೂ ನಡೆದೇ ಇಲ್ಲವೆಂಬಂತೆ.

ಗುಬ್ಬಿ ಕಾರಿನ ಹತ್ತಿರ ಬಂದಳು. ಹತ್ತಲಿಲ್ಲ. ತುಂಬಿಟ್ಟ ಮರಳು ಚೀಲದ ಮೇಲೆ ಕೂತಳು. "ಹತ್ತುತೀನಿ. ಮೊದಲು ಊಟ ಮಾಡ್ತೀನಿ."

"ಈಗಲಾ?" ಕ್ಯಾಪ್ಟನ್ ಹರಿದ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಹತ್ತಿರ ಬಂದ. "ತೂಕ ಹೆಚ್ಚಾಗುತ್ತೆ ಕಣೇ."

"ಹೆಚ್ಚಾದಷ್ಟು ಮರಳು ತೆಗೀರಿ."

ತಪಾಸಣೆಯವಳು ನಗಲಿಲ್ಲ. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ ಎಂದಳು. ತನ್ನ ಊಟದ ಡಬ್ಬಿಯನ್ನೇ ಬಿಚ್ಚಿ ಗುಬ್ಬಿಯ ಮಡಿಲಿಗಿಟ್ಟಳು. ಗುಬ್ಬಿ ಅವಸರವಿಲ್ಲದೆ ಮೊದಲ ತುತ್ತು ಬಾಯಿಗಿಟ್ಟಳು. ತಪಾಸಣೆಯವಳು ಇನ್ನೊಂದು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಮರಳು ತೆಗೆದು, ಸುರಿಯಲು ಜಾಗ ಕಾಣದೆ, "ಹಿಡ್ಕೊಳ್ಳಿ ಸಾರ್," ಎಂದು ಪ್ರೊಫೆಸರ ಅಂಗೈಗೆ ಹಾಕಿದಳು. ಎರಡನೇ ತುತ್ತಿಗೆ ಅವರು ಇನ್ನೊಂದು ಕೈಯನ್ನೂ ಒಡ್ಡಿದರು.